ಬಿಸಿಲಿಗೆ ಬಿಳಿಚಿದ ಬಂಪರ್: ಕಪ್ಪು ಬಣ್ಣ ಮರಳಿ ತರುವುದು ಹೇಗೆ?

ಅಕ್ಕಲಕೋಟೆ: ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ಭಕ್ತರನ್ನು ಗಾಣಗಾಪುರ, ತುಳಜಾಪುರ, ಪಂಢರಪುರಗಳಿಗೆ ಕರೆದೊಯ್ಯುವ ಬಾಡಿಗೆ ಗಾಡಿಗಳಿರಲಿ, ಹಳ್ಳಿಯಿಂದ ಹಳ್ಳಿಗೆ ಓಡುವ ವಡಾಪ್ ಇರಲಿ, ಅದು ಎಷ್ಟು ಬೇಸಿಗೆ ಕಂಡಿದೆ ಎಂದು ತಿಳಿಯಲು ಆರ್‌ಸಿ ಪುಸ್ತಕ ತೆರೆಯಬೇಕಾಗಿಲ್ಲ. ಬಂಪರ್ ನೋಡಿದರೆ ಸಾಕು. ಶೋರೂಮಿನಿಂದ ಬಂದಾಗ ಎಮ್ಮೆಯ ಮೈಯಂತೆ ಕಪ್ಪಗೆ ಮಿಂಚುತ್ತಿದ್ದ ಪ್ಲಾಸ್ಟಿಕ್ ಈಗ ಬೂದಿ ಬಳಿದಂತೆ ಬಿಳಿಚಿಕೊಂಡಿರುತ್ತದೆ. ಕನ್ನಡಿಯ ಕವಚ, ಬಾಗಿಲ ಪಟ್ಟಿ, ಮುಂದಿನ ಗಾಜಿನ ಬುಡದಲ್ಲಿ ವೈಪರ್ ಕೂರುವ ಕರಿ ಪಟ್ಟಿ ಇವುಗಳದೂ ಅದೇ ಗತಿ.

ಇದು ಬರೀ ಅಂದದ ಪ್ರಶ್ನೆಯಲ್ಲ. ಗಾಡಿ ಮಾರಲು ಹೋದಾಗ ಕೊಳ್ಳುವವನ ಕಣ್ಣು ಮೊದಲು ಬೀಳುವುದು ಇಲ್ಲಿಯೇ. ಎಂಜಿನ್ ಗಟ್ಟಿಯಿದ್ದರೂ ಬಂಪರ್ ಬಿಳಿಚಿದ್ದರೆ ಬೆಲೆ ಇಳಿಯುತ್ತದೆ. ಈ ಭಯದಿಂದಲೇ ಕೆಲವರು ಡೀಸೆಲ್ ಒರೆಸುತ್ತಾರೆ, ಕೆಲವರು ಬೂಟ್ ಪಾಲಿಶ್ ಹಚ್ಚುತ್ತಾರೆ, ಇನ್ನು ಕೆಲವರು ಬೆಂಕಿಯ ಕಾವು ಕೊಡುತ್ತಾರೆ.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಬಂಪರ್ ಎಂದರೆ ಕ್ರೋಮ್ ಹೊಳಪಿನ ಉಕ್ಕಿನ ಪಟ್ಟಿ. ಅದು ತುಕ್ಕು ಹಿಡಿಯುತ್ತಿತ್ತು, ಬಿಳಿಚುತ್ತಿರಲಿಲ್ಲ. ಈಗಿನ ಬಂಪರ್‌ಗಳು ಬಹುಪಾಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಇದನ್ನು ಗಟ್ಟಿ ರೂಪದಲ್ಲಿ ತಯಾರಿಸಿ ತೋರಿಸಿದರು. 1963ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಹಗುರ, ಅಗ್ಗ, ಗುದ್ದಿದರೂ ಬೇಗ ಒಡೆಯದು. ಆದರೆ ಬಿಸಿಲು ಇದಕ್ಕೆ ಆಗದು.

ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದನೆಯ ಅಣು ಸರಪಳಿಗಳನ್ನು ಕಡಿಯುತ್ತವೆ. ಕಡಿದಲ್ಲಿಗೆ ಗಾಳಿಯ ಆಮ್ಲಜನಕ ಬಂದು ಸೇರುತ್ತದೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ಇಂಗಾಲದ ಕರಿಪುಡಿಯನ್ನೂ ಬಿಸಿಲು ತಡೆಯುವ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಅವು ವರ್ಷಗಳು ಕಳೆದಂತೆ ಮೇಲ್ಪದರದಲ್ಲಿ ಖರ್ಚಾಗುತ್ತವೆ. ಆಗ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಏಳುತ್ತವೆ. ಬೇಸಿಗೆಯ ಕೆರೆಯಂಗಳ ಬಿರಿದಂತೆ ಎಂದರೆ ತಪ್ಪಾಗದು. ಈ ಬಿರುಕುಗಳು ಬೆಳಕನ್ನು ಚೆದುರಿಸುವುದರಿಂದ ಕಪ್ಪು ನಮಗೆ ಬೂದಿಯಾಗಿ ಕಾಣುತ್ತದೆ. ಅಂದರೆ ಬಣ್ಣ ಹಾರಿ ಹೋಗಿದೆ ಎನ್ನುವುದಕ್ಕಿಂತ ಮೇಲಿನ ತೊಗಲು ಸತ್ತಿದೆ ಎನ್ನುವುದು ಸರಿ. ಮೇಲ್ಮುಖವಾಗಿರುವ ವೈಪರ್ ಪಟ್ಟಿ ಎಲ್ಲಕ್ಕಿಂತ ಮೊದಲು ಹಾಳಾಗುವುದು ನೇರ ಬಿಸಿಲು ಅದರ ಮೇಲೆ ಹೆಚ್ಚು ಬೀಳುವ ಕಾರಣಕ್ಕೇ.

ಮೊದಲು ನೀರು ಹಾಕಿ ನೋಡಿ

ಎಲ್ಲ ಬಿಳುಪೂ ಬಿಸಿಲಿನದಲ್ಲ. ಬಾಡಿಗೆ ಹಚ್ಚಿದ ವ್ಯಾಕ್ಸ್ ಪಾಲಿಶ್ ಪ್ಲಾಸ್ಟಿಕ್ಕಿನ ಚುಕ್ಕಿ ಚುಕ್ಕಿ ಮೈಯಲ್ಲಿ ಸಿಕ್ಕಿಕೊಂಡು ಒಣಗಿದರೂ ಬಿಳಿ ಕಲೆ ನಿಲ್ಲುತ್ತದೆ. ಬೋರಿನ ಗಡಸು ನೀರಿನಲ್ಲಿ ತೊಳೆದು ಬಿಸಿಲಲ್ಲೇ ಒಣಗಲು ಬಿಟ್ಟರೆ ಉಪ್ಪಿನ ವರ್ತುಲ ಮೂಡುತ್ತದೆ. ಈ ಭಾಗದಲ್ಲಿ ಇದು ಸಾಮಾನ್ಯ. ಆದ್ದರಿಂದ ಬಿಳಿಚಿದ ಜಾಗಕ್ಕೆ ನೀರು ಚಿಮುಕಿಸಿ ನೋಡಬೇಕು. ಒದ್ದೆಯಿದ್ದಾಗ ಇಡೀ ಭಾಗ ಒಂದೇ ಸಮನೆ ಕಪ್ಪಾಗಿ, ಒಣಗಿದ ಕೂಡಲೇ ಬೂದಿಯಾದರೆ ಅದು ಬಿಸಿಲಿನ ಏಟು. ಕಲೆಯ ಅಂಚು ಎದ್ದು ಕಾಣುತ್ತಿದ್ದರೆ ಪಾಲಿಶ್ ಅಥವಾ ಉಪ್ಪು ಎಂದು ತಿಳಿಯಬಹುದು. ಪಾಲಿಶನ್ನು ಬಿಸಿ ಸೋಪು ನೀರು ಮತ್ತು ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತೆಗೆಯಬಹುದು. ಉಪ್ಪಿಗೆ ಅರ್ಧದಷ್ಟು ನೀರು ಬೆರೆಸಿದ ವಿನೆಗರ್ ಸಾಕು, ನಂತರ ಚೆನ್ನಾಗಿ ತೊಳೆಯಬೇಕು. ಎಷ್ಟೋ ಗಾಡಿಗಳಿಗೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಅಡುಗೆಮನೆಯ ಎಣ್ಣೆ

ಕೊಬ್ಬರಿ ಎಣ್ಣೆ ಹಚ್ಚಿದರೆ ಬಂಪರ್ ಕಪ್ಪಾಗುವುದು ನಿಜ. ಎಣ್ಣೆ ಆ ಸಣ್ಣ ಬಿರುಕುಗಳನ್ನು ತುಂಬುವುದರಿಂದ, ನೀರು ತುಂಬಿದಾಗ ಆದಂತೆಯೇ ಆಗುತ್ತದೆ. ಆದರೆ ಅದು ಒಣಗುವ ಎಣ್ಣೆಯಲ್ಲ. ಎರಡು ದಿನದಲ್ಲಿ ಊರಿನ ಧೂಳೆಲ್ಲ ಅಂಟಿಕೊಂಡು ಗಾಡಿ ಮೊದಲಿಗಿಂತ ಹೊಲಸಾಗುತ್ತದೆ, ಒಂದು ಮಳೆಗೆ ಅದೂ ಹೋಗುತ್ತದೆ.

ಅಗಸೆ ಎಣ್ಣೆಯ ಕತೆ ಬೇರೆ. ಚಟ್ನಿಪುಡಿಗೆ ಹೆಸರಾದ ಅಗಸೆಯ ಎಣ್ಣೆ ಗಾಳಿಗೆ ಒಣಗಿ ಪೊರೆ ಕಟ್ಟುತ್ತದೆ, ಹಾಗಾಗಿ ಹೆಚ್ಚು ದಿನ ನಿಲ್ಲುತ್ತದೆ. ಆದರೆ ದಪ್ಪಗೆ ಹಚ್ಚಿದರೆ ಅಂಟಂಟಾಗಿ ಹಳದಿಗೆ ತಿರುಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವಿರುವುದು ಒರೆಸಿದ ಅರಿವೆಯಲ್ಲಿ. ಈ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಕಾವು ಹೊರಹೋಗಲಾರದೆ ಕಿಡಿ ಸೋಕದೆಯೂ ಬೆಂಕಿ ಹತ್ತಬಹುದು. ಕಣಕಿಯ ಬಣಿವೆ ಪಕ್ಕದಲ್ಲೇ ಗಾಡಿ ನಿಲ್ಲಿಸುವ ಮನೆಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅಂಥ ಅರಿವೆಯನ್ನು ಬಯಲಲ್ಲಿ ಬಿಡಿಸಿ ಹರಡಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ನೆನೆಸಿಡಬೇಕು.

ಡೀಸೆಲ್, ಘಾಸಲೇಟ್ ಎಣ್ಣೆಗಳು ಬಾಗಿಲು, ಕಿಟಕಿಗಳ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಸುಟ್ಟ ಎಂಜಿನ್ ಆಯಿಲ್ ಅಂತೂ ಕೈಯ ಚರ್ಮಕ್ಕೇ ಕೇಡು. ಬೂಟ್ ಪಾಲಿಶ್ ಹಚ್ಚಿದ ಗಾಡಿಗೆ ಒರಗಿ ನಿಂತವರ ಬಿಳಿ ಧೋತರದ ಗತಿ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಡ್ರೆಸ್ಸಿಂಗ್‌ಗಳಲ್ಲಿ ಹೆಚ್ಚಿನವು ಸಿಲಿಕೋನ್ ಎಣ್ಣೆಯವು. ಇವು ಕೂಡ ಬಿರುಕು ತುಂಬುವುದನ್ನೇ ಮಾಡುತ್ತವೆ, ಆದರೆ ನೀರಿಗೆ ಬೇಗ ಜಗ್ಗುವುದಿಲ್ಲ. ಕೆಲವು ವಾರ ಬಾಳುತ್ತವೆ. ತೆಳ್ಳಗೆ ಹಚ್ಚಿ ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ಟಯರಿನ ನೆಲ ಹಿಡಿಯುವ ಭಾಗಕ್ಕೆ, ಬೈಕಿನ ಸೀಟಿಗೆ, ಬ್ರೇಕ್ ಪೆಡಲಿಗೆ ಇದನ್ನು ಎಂದೂ ಸೋಕಿಸಬಾರದು.

ಹೆಚ್ಚು ಕಾಲ ಬೇಕೆನ್ನುವವರಿಗೆ ಹಚ್ಚಿದ ಮೇಲೆ ಗಟ್ಟಿಯಾಗುವ ಸಿರಾಮಿಕ್ ಮಾದರಿಯ ಲೇಪನಗಳಿವೆ. ಇವು ಬಹಳ ತಿಂಗಳು ನಿಲ್ಲುತ್ತವೆ, ಬೆಲೆಯೂ ಹೆಚ್ಚು. ಆದರೆ ಇಲ್ಲಿ ಎಲ್ಲವೂ ತೊಳೆಯುವ ಕೆಲಸದ ಮೇಲೆ ನಿಂತಿದೆ. ಮೊದಲು ಹಚ್ಚಿದ ಯಾವ ಎಣ್ಣೆಯ ಅಂಶವೂ ಉಳಿಯಬಾರದು. ಸೋಪಿನಿಂದ ಎರಡು ಮೂರು ಬಾರಿ ಉಜ್ಜಿ, ಪೂರ್ತಿ ಒಣಗಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಅರಿವೆಯಿಂದ ಒರೆಸಿ, ನೆರಳಲ್ಲಿ ಪ್ಲಾಸ್ಟಿಕ್ ತಣ್ಣಗಿರುವಾಗ ಹಚ್ಚಬೇಕು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ನೀರು ತಾಗಬಾರದು. ಆಷಾಢದ ಮೋಡದ ದಿನಗಳಿಗಿಂತ ಚಳಿಗಾಲದ ಮುಂಜಾನೆ ಈ ಕೆಲಸಕ್ಕೆ ಒಳ್ಳೆಯದು.

ಹೀಟ್ ಗನ್ ಹಿಡಿದು ಕಾಯಿಸಿದರೆ ನೋಡನೋಡುತ್ತಿದ್ದಂತೆ ಕಪ್ಪು ಮರಳುತ್ತದೆ. ನೋಡಲು ಜಾದೂ ಎನಿಸುತ್ತದೆ. ಆದರೆ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಹೀಟ್ ಗನ್ನಿನ ಗಾಳಿ 500 ಡಿಗ್ರಿ ದಾಟಬಲ್ಲದು. ಒಂದು ಕ್ಷಣ ಕೈ ನಿಂತರೆ ಬಂಪರ್ ಸೊಟ್ಟಗಾಗುತ್ತದೆ, ಪಕ್ಕದ ಪೇಂಟ್ ಗುಳ್ಳೆ ಏಳುತ್ತದೆ. ಕಾವಿಗೆ ಬಿರುಕು ಮುಚ್ಚಿದರೂ ಖರ್ಚಾದ ರಕ್ಷಕ ರಾಸಾಯನಿಕ ಮರಳಿ ಬರುವುದಿಲ್ಲವಾದ್ದರಿಂದ ಬಿಳುಪು ಮತ್ತೆ ಬರುತ್ತದೆ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಪೇಂಟ್ ಹೊಡೆಸುವುದಾದರೆ ಒಂದು ಮಾತು ನೆನಪಿರಲಿ. ಈ ಪ್ಲಾಸ್ಟಿಕ್ಕಿಗೆ ಬಣ್ಣ ತಾನಾಗಿ ಅಂಟುವುದಿಲ್ಲ, ಪ್ಲಾಸ್ಟಿಕ್ ಪ್ರೈಮರ್ ಬೇಕೇ ಬೇಕು. ಸಿಲಿಕೋನ್ ಉಳಿದಿದ್ದರೆ ಬಣ್ಣ ಮೀನಿನ ಕಣ್ಣಿನಂತೆ ಗುಳಿ ಗುಳಿಯಾಗಿ ಒಡೆಯುತ್ತದೆ. ಹಿಂದೆ ಏನು ಹಚ್ಚಿದ್ದಿರಿ ಎಂಬುದನ್ನು ಪೇಂಟರಿಗೆ ಮುಂಚೆಯೇ ಹೇಳುವುದು ಲೇಸು. ಕನ್ನಡಿ ಕವಚದಂಥ ಸಣ್ಣ ಭಾಗವಾದರೆ ಹೊಸದೇ ಅಗ್ಗ ಬೀಳಬಹುದು.

ಕೊಳ್ಳುವವರು ಗಮನಿಸಬೇಕಾದದ್ದು

ಅತ್ತ ಇಂಡಿ, ಅಫಜಲಪುರ, ಆಳಂದದಿಂದ ಇತ್ತ, ಇತ್ತಲಿಂದ ಅತ್ತ ಹಳೆ ಗಾಡಿಗಳ ವ್ಯಾಪಾರ ನಡೆಯುತ್ತಲೇ ಇರುತ್ತದೆ. ಮೇಲೆ ಥಳಕು ಒಳಗೆ ಹುಳುಕು ಎಂಬಂತೆ, ನಿನ್ನೆ ಸಂಜೆ ಡ್ರೆಸ್ಸಿಂಗ್ ಹಚ್ಚಿದ ಗಾಡಿ ಇಂದು ಮುಂಜಾನೆ ಹೊಸದರಂತೆ ನಿಂತಿರುತ್ತದೆ. ಬಿಳಿ ಕರವಸ್ತ್ರದಿಂದ ಬಂಪರ್ ಉಜ್ಜಿದರೆ ಎಣ್ಣೆಯೋ ಕಪ್ಪೋ ಅಂಟುತ್ತದೆ. ಬಗ್ಗಿ ಬಂಪರಿನ ಕೆಳ ಅಂಚು ನೋಡಿ, ಬಿಸಿಲು ಕಾಣದ ಅಲ್ಲಿ ಮೂಲ ಬಣ್ಣ ಉಳಿದಿರುತ್ತದೆ. ಎಡ ಬಲದ ಪಟ್ಟಿಗಳಲ್ಲಿ ಒಂದು ಹಳತು, ಒಂದು ಹೊಸತು ಎನಿಸಿದರೆ ಆ ಬದಿಗೆ ಎಂದಾದರೂ ಪೆಟ್ಟು ಬಿದ್ದಿತ್ತೇ ಎಂದು ಕೇಳಬೇಕು. ಒಂದೇ ಬದಿ ಸದಾ ಪಡುವಣ ಬಿಸಿಲಿಗೆ ನಿಂತ ಗಾಡಿಯಲ್ಲೂ ಇಂಥ ವ್ಯತ್ಯಾಸ ಬರುವುದುಂಟು, ಆದ್ದರಿಂದ ಇದೊಂದನ್ನೇ ನಂಬಿ ಜಗಳಕ್ಕೆ ನಿಲ್ಲುವಂತಿಲ್ಲ. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರವನ್ನು ಹಣ ಕೊಡುವ ಮುನ್ನವೇ ಕೇಳಿ ಪಡೆಯಬೇಕು. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇಟ್ಟುಕೊಳ್ಳುವ ಗಾಡಿಗೆ ಇಲ್ಲಿನ ನಂಬರ್ ಮಾಡಿಸಲೇಬೇಕಾಗುತ್ತದೆ.