ಮೂತ್ರಪಿಂಡ ಸೋತಾಗ ಮೈ ತುರಿಸುವುದೇಕೆ?

ಸೊಳ್ಳೆ ಕಚ್ಚಿದರೆ, ಕಜ್ಜಿಯಾದರೆ ಮೈ ತುರಿಸುವುದು ಎಲ್ಲರಿಗೂ ತಿಳಿದದ್ದೇ. ಚರ್ಮದ ಮೇಲೆ ಗುಳ್ಳೆಯೋ ದದ್ದೋ ಕಾಣುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ಅನೇಕರನ್ನು ಕಾಡುವ ನವೆ ಹಾಗಲ್ಲ. ಮೊದಲಿಗೆ ಚರ್ಮದ ಮೇಲೆ ಏನೂ ಇರುವುದಿಲ್ಲ. ಆದರೂ ಬೆನ್ನು, ತೋಳು, ಕಾಲುಗಳಲ್ಲಿ ತುರಿಕೆ ಏಳುತ್ತದೆ. ರಾತ್ರಿಯ ವೇಳೆ ಹೆಚ್ಚು. ಅಲ್ಲಿ ಕಾಣುವ ಗಾಯಗಳು ಬಹುಮಟ್ಟಿಗೆ ಕೆರೆದುಕೊಂಡದ್ದರಿಂದ ಆದವು.

ಆರೋಗ್ಯವಂತ ಮೂತ್ರಪಿಂಡಗಳು ಹಗಲಿರುಳೂ ರಕ್ತವನ್ನು ಸೋಸುತ್ತಿರುತ್ತವೆ. ಡಯಾಲಿಸಿಸ್ ಯಂತ್ರ ಈ ಕೆಲಸವನ್ನು ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ ಸುಮಾರು 4 ಗಂಟೆ ಮಾಡುತ್ತದೆ. ಅಂದರೆ 168 ಗಂಟೆಗಳ ಕೆಲಸವನ್ನು 12 ಗಂಟೆಗಳಲ್ಲಿ ಮುಗಿಸಬೇಕು! ಯೂರಿಯಾದಂಥ ಸಣ್ಣ ಅಣುಗಳು ಸುಲಭವಾಗಿ ಹೊರಹೋಗುತ್ತವೆ. ದೊಡ್ಡ ಅಣುಗಳು ಅಷ್ಟಾಗಿ ಹೋಗುವುದಿಲ್ಲ. ಆಹಾರದಿಂದ ಬರುವ ರಂಜಕವೂ ಸಾಕಷ್ಟು ಉಳಿದುಬಿಡುತ್ತದೆ.

ರಂಜಕ ಹೆಚ್ಚಿದಾಗ ಕತ್ತಿನಲ್ಲಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅತಿಯಾಗಿ ದುಡಿಯತೊಡಗುತ್ತವೆ. ಈ ಗ್ರಂಥಿಗಳ ಬಹುಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಾಗ ಕೆಲವು ರೋಗಿಗಳ ನವೆ ನಿಂತಿತೆಂದು 1968ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಕಳ್ಳ ಸಿಕ್ಕಿಬಿದ್ದನೆಂದೇ ಆಗ ತೋರಿತು. ಆದರೆ ಆ ಗ್ರಂಥಿಯ ಹಾರ್ಮೋನು ಹೆಚ್ಚಿದ್ದರೂ ತುರಿಕೆಯಿಲ್ಲದವರು ಇದ್ದಾರೆ. ಹಾರ್ಮೋನು ಹತೋಟಿಯಲ್ಲಿದ್ದರೂ ಕೆರೆದುಕೊಳ್ಳುವವರೂ ಇದ್ದಾರೆ. ಆದ್ದರಿಂದ ರಕ್ತಪರೀಕ್ಷೆಯ ಒಂದು ಅಂಕಿಯನ್ನು ನೋಡಿ ಕಾರಣ ಹೇಳಲಾಗದು.

ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ. ಬೆವರುಗ್ರಂಥಿಗಳು ಕುಗ್ಗಿ ಚರ್ಮ ಒಣಗುತ್ತದೆ. ದೇಹದೊಳಗೆ ಸದಾ ಸಣ್ಣ ಉರಿಯೂತವಿರುತ್ತದೆ. ನರಗಳ ಪಾತ್ರವಂತೂ ಬಹು ಸ್ವಾರಸ್ಯಕರ. ನಮ್ಮ ದೇಹವೇ ಅಫೀಮಿನಂಥ ಕೆಲವು ವಸ್ತುಗಳನ್ನು ತಯಾರಿಸುತ್ತದೆ. ಅವು ನರಕೋಶಗಳ ಮೇಲಿನ ಒಂದು ಬಗೆಯ ಗ್ರಾಹಕಕ್ಕೆ ಅಂಟಿದರೆ ನವೆ ಕೆರಳುತ್ತದೆ, ಇನ್ನೊಂದಕ್ಕೆ ಅಂಟಿದರೆ ತಗ್ಗುತ್ತದೆ. ಈ ರೋಗಿಗಳಲ್ಲಿ ಈ ತಕ್ಕಡಿ ಏರುಪೇರಾಗುತ್ತದೆಂದು ವಿಜ್ಞಾನಿಗಳು ಭಾವಿಸಿದ್ದಾರೆ. ನವೆ ತಗ್ಗಿಸುವ ಗ್ರಾಹಕವನ್ನು ಪ್ರಚೋದಿಸುವ ಔಷಧಿಗಳಿಗೆ ಜಪಾನಿನಲ್ಲಿ 2009ರಲ್ಲಿ, ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ದೊರೆಯಿತು. ಅಲರ್ಜಿಗೆ ಕೊಡುವ ಮಾತ್ರೆಗಳಿಂದ ಇಲ್ಲಿ ಹೆಚ್ಚು ಪ್ರಯೋಜನವಾಗದಿರುವುದು ಏಕೆಂದು ಈಗ ನೀವೇ ಊಹಿಸಬಹುದು. ಒಣಚರ್ಮಕ್ಕೆ ತೇವ ಉಳಿಸುವ ಮುಲಾಮು, ಸಾಕಷ್ಟು ಡಯಾಲಿಸಿಸ್, ರಂಜಕದ ಹತೋಟಿ, ಇವು ಚಿಕಿತ್ಸೆಯ ಮೊದಲ ಮೆಟ್ಟಿಲು.

‘ಬರೀ ತುರಿಕೆ ತಾನೇ’ ಎನ್ನುವಂತಿಲ್ಲ. 12 ದೇಶಗಳ 18,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ನೂರಕ್ಕೆ ಸುಮಾರು 42 ಮಂದಿಗೆ ಸಾಧಾರಣದಿಂದ ತೀವ್ರ ಮಟ್ಟದ ತುರಿಕೆಯಿತ್ತು. ಅಂಥವರಲ್ಲಿ ಸಾವಿನ ಅಪಾಯ ಶೇಕಡ 17ರಷ್ಟು ಹೆಚ್ಚಾಗಿತ್ತು. ನಿದ್ರೆಯ ಗುಣಮಟ್ಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಬಹುಪಾಲು ಕರಗಿತು. ಆದ್ದರಿಂದ ಕೆಟ್ಟ ನಿದ್ರೆಯೇ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದರು.

ಇದೇ ಅಧ್ಯಯನದ ಮುಂದಿನ ಭಾಗ 2017ರಲ್ಲಿ ಹೊರಬಂದಿತು. ಬಹುಪಾಲು ಡಯಾಲಿಸಿಸ್ ಘಟಕಗಳ ಮುಖ್ಯ ವೈದ್ಯರು ತಮ್ಮಲ್ಲಿ ಎಷ್ಟು ಜನಕ್ಕೆ ತುರಿಕೆಯಿದೆ ಎಂಬುದನ್ನು ಕಡಿಮೆಯಾಗಿ ಅಂದಾಜಿಸಿದ್ದರು. ಅವರನ್ನೇ ದೂರುವುದು ಸರಿಯಲ್ಲ. ಅತಿ ತೀವ್ರ ತುರಿಕೆಯಿದ್ದವರಲ್ಲಿ ನೂರಕ್ಕೆ 17 ಮಂದಿ ಅದನ್ನು ವೈದ್ಯರಿಗಾಗಲಿ ದಾದಿಯರಿಗಾಗಲಿ ಹೇಳಿಯೇ ಇರಲಿಲ್ಲ.