ವಿದ್ಯುದಾಗಾರಕ್ಕೆ ಬಂಡವಾಳ ಹೂಡುವವರಾರು?

ಗುಂಡಿಯನ್ನೊತ್ತಿದೊಡನೆ ದೀಪ ಹೊತ್ತುವುದು ಮುಂಬಯಿಯಲ್ಲಿ ಬೆಳೆದ ನಿಮಗೆ ಸಹಜವೆನಿಸಬಹುದು. ಆದರೆ ಆ ಬೆಳಕಿನ ಹಿಂದೆ ಯಾರೋ ಬಹುಕಾಲದ ಮುಂಚೆ ಹೂಡಿದ ಅಪಾರ ಬಂಡವಾಳವಿದೆ. ದೊಡ್ಡ ವಿದ್ಯುದಾಗಾರವನ್ನು ಕಟ್ಟಲು ಹಲವು ವರ್ಷಗಳು ಬೇಕು. ಹಾಕಿದ ಹಣ ಮರಳಲು ಅದಕ್ಕೂ ಹೆಚ್ಚು ಕಾಲ ಬೇಕು. ಅಷ್ಟು ಕಾಲ ಕಾಯುವ ಧೈರ್ಯ ಬಂಡವಾಳಗಾರನಿಗೆ ಬರುವುದೆಂತು?

ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದೇ ಹಿಂದಿನವರು ಕಂಡ ಉಪಾಯ. 1902ರಲ್ಲಿ ಮೈಸೂರು ಸಂಸ್ಥಾನವು ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ಪಡೆದಾಗ, ಅದನ್ನು ಕೊಳ್ಳಲು ಕೋಲಾರದ ಚಿನ್ನದ ಗಣಿಗಳು ಮೊದಲೇ ಒಪ್ಪಿದ್ದವು. 1915ರಲ್ಲಿ ಟಾಟಾ ಸಂಸ್ಥೆಯ ಖೋಪೋಲಿ ಜಲವಿದ್ಯುದಾಗಾರವು ಕೆಲಸವನ್ನಾರಂಭಿಸಿದಾಗ, ಮುಂಬಯಿಯ ಬಟ್ಟೆಯ ಗಿರಣಿಗಳು ಅದರ ಮುಖ್ಯ ಗ್ರಾಹಕರಾದವು.

ಸ್ವಾತಂತ್ರ್ಯಾನಂತರ ಈ ಹೊಣೆಯನ್ನು ಹೆಚ್ಚಾಗಿ ಹೊತ್ತವು ರಾಜ್ಯಗಳ ವಿದ್ಯುತ್ ಮಂಡಳಿಗಳು. 1991ರಲ್ಲಿ ಖಾಸಗಿಯವರಿಗೂ ವಿದೇಶೀಯರಿಗೂ ಬಾಗಿಲು ತೆರೆಯಿತು. ಆಗ ಅಮೆರಿಕೆಯ ಎನ್ರಾನ್ ಕಂಪನಿಯು ರತ್ನಾಗಿರಿ ಜಿಲ್ಲೆಯ ದಾಭೋಳಕ್ಕೆ ಬಂದಿತು. ವಿದ್ಯುತ್ತನ್ನು ಪಡೆದರೂ ಬಿಟ್ಟರೂ ಮಹಾರಾಷ್ಟ್ರದ ಮಂಡಳಿಯು ನಿಗದಿಯಾದ ಹಣವನ್ನು 20 ವರ್ಷ ತೆರಬೇಕೆಂದು ಒಪ್ಪಂದವಾಯಿತು. ಡಾಲರಿನ ಬೆಲೆ ಏರಿದರೆ ಆ ಭಾರವೂ ಮಂಡಳಿಯ ಮೇಲೆಯೇ. 1999ರಲ್ಲಿ 740 ಮೆಗಾವಾಟಿನ ಮೊದಲ ಹಂತವು ನಡೆಯತೊಡಗಿತು. ಅದರ ದುಬಾರಿ ವಿದ್ಯುತ್ತನ್ನು ಮಂಡಳಿಗೆ ಭರಿಸಲಾಗಲಿಲ್ಲ. 2001ರಲ್ಲಿ ಯಂತ್ರಗಳು ನಿಂತವು.

ಹಾಗಾದರೆ ಭರವಸೆಯನ್ನೇ ಕೊಡದೆ ಎಲ್ಲವನ್ನೂ ಪೇಟೆಯ ದರಕ್ಕೆ ಬಿಡಬಹುದಲ್ಲ ಎನ್ನುವಿರಾ? 2003ರ ಕಾನೂನು ಉತ್ಪಾದನೆಯನ್ನು ಬಹುಮಟ್ಟಿಗೆ ಮುಕ್ತಗೊಳಿಸಿತು; 2008ರಿಂದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ದಿನವೂ ವ್ಯಾಪಾರ ನಡೆಯುತ್ತಿದೆ. ಆದರೆ ಇಲ್ಲಿಯೂ ಒಂದು ತೊಡಕುಂಟು. ಗಣೇಶ ಚತುರ್ಥಿಗೆ ಕೊಂಕಣಕ್ಕೆ ಹೋಗುವವರ ನೂಕುನುಗ್ಗಲನ್ನು ನೀವು ಬಲ್ಲಿರಿ. ಆ ಕೆಲವೇ ದಿನಗಳಿಗಾಗಿ ಒಬ್ಬನು ಬಸ್ಸನ್ನು ಕೊಂಡನೆನ್ನಿ. ವರ್ಷವಿಡೀ ಅದು ನಿಂತಿದ್ದರೆ ಅದರ ಸಾಲ ತೀರುವುದು ಹೇಗೆ? ಆ ದಿನಗಳಲ್ಲಿ ಅತಿಯಾದ ದರ ಕೇಳಬೇಕು. ಆದರೆ ಜನರ ಹಿತಕ್ಕಾಗಿ ಸರಕಾರವು ದರಕ್ಕೆ ಮಿತಿ ಹಾಕೀತು. ಬೇಸಗೆಯ ಬೇಡಿಕೆಗೆಂದು ಕಾದಿರುವ ವಿದ್ಯುದಾಗಾರದ ಪಾಡೂ ಇದೇ. 2022ರ ಏಪ್ರಿಲ್‌ನಲ್ಲಿ ವಿನಿಮಯ ಕೇಂದ್ರದ ದರವು ಯೂನಿಟ್ಟಿಗೆ 12 ರೂಪಾಯಿಯನ್ನು ಮೀರಬಾರದೆಂದು ನಿಯಂತ್ರಣ ಆಯೋಗವು ವಿಧಿಸಿತು.

ಆದುದರಿಂದ ಬೆಲೆಯನ್ನು ಎರಡು ಭಾಗ ಮಾಡುವ ಪದ್ಧತಿ ಬಂದಿದೆ: ಉತ್ಪಾದಿಸಿದ ವಿದ್ಯುತ್ತಿಗೆ ಒಂದು, ಬೇಕಾದಾಗ ಒದಗಲು ಸಿದ್ಧವಾಗಿರುವುದಕ್ಕೆ ಇನ್ನೊಂದು. ಬ್ರಿಟನ್ನಿನಲ್ಲಿ 2014ರಿಂದ ಈ ಸಿದ್ಧತೆಯನ್ನೇ ಹರಾಜಿನಲ್ಲಿ ಕೊಳ್ಳುತ್ತಾರೆ. ಯಾರು ಕಡಮೆ ಹಣಕ್ಕೆ ಒಪ್ಪುವರೋ ಅವರಿಗೆ ಅವಕಾಶ. ಹೇಳಿದ ವೇಳೆಗೆ ಒದಗದವನಿಗೆ ದಂಡವುಂಟು.

ಸಿದ್ಧತೆಗೆ ಬೆಲೆ ಕೊಡದಿದ್ದರೆ ಕತ್ತಲೆ. ಸ್ಪರ್ಧೆಯಿಲ್ಲದೆ ಮಿತಿಮೀರಿ ಕೊಟ್ಟರೆ ದಾಭೋಳ. ಎರಡರ ನಷ್ಟವೂ ಕೊನೆಗೆ ಬೀಳುವುದು ಚಾಳಿನ ಕೋಣೆಯಲ್ಲಿ ಒಂದೇ ದೀಪದಡಿ ಓದುವ ಮಗುವಿನ ಮನೆಯ ಮೇಲೆಯೇ. ನಿಮ್ಮ ಮನೆಗೆ ಬರುವ ಬಿಲ್ಲನ್ನು ಒಮ್ಮೆ ಓದಿರಿ. ಯೂನಿಟ್ಟಿನ ಲೆಕ್ಕದೊಡನೆ ಅಲ್ಲಿ ಸ್ಥಿರ ಶುಲ್ಕವೂ ಇರುವುದು. ಅದರಲ್ಲಿ ತಂತಿ, ಉಪಕೇಂದ್ರಗಳ ವೆಚ್ಚ ಮಾತ್ರವಲ್ಲ, ನಮಗಾಗಿ ಕಾದು ನಿಂತಿರುವ ಯಂತ್ರಗಳ ಪಾಲೂ ಸೇರಿರುತ್ತದೆ. ಆ ಪಾಲು ನ್ಯಾಯವಾದುದೇ ಎಂದು ಪ್ರಶ್ನಿಸುವುದು ನಾಳಿನ ಪ್ರಜೆಗಳಾದ ನಿಮ್ಮ ಹಕ್ಕು, ಕರ್ತವ್ಯವೂ ಹೌದು.