ರಿಪೇರಿ ಆಗದವರ ತಂಡ: ಡೂಮ್ ಪಟ್ರೋಲ್

ಸೂಪರ್ ಹೀರೋಗಳ ತಂಡ ಹೇಳಿ ಅಂದ್ರೆ ಯಾರೇ ಆದರೂ ಮೊದಲು ಅವೆಂಜರ್ಸ್ ಅಂತಾರೆ. ಆಮೇಲೆ ಜಸ್ಟಿಸ್ ಲೀಗ್, ಆಮೇಲೆ ಎಕ್ಸ್-ಮೆನ್. ಪಟ್ಟಿ ಹತ್ತಕ್ಕೆ ಮುಟ್ಟಿದರೂ ಡೂಮ್ ಪಟ್ರೋಲ್ ಹೆಸರು ಬರಲ್ಲ. ನಾವೇ ಹೇಳಿದರೆ "ಅದ್ಯಾವ ಪೆಟ್ರೋಲು?" ಅನ್ನೋ ಪ್ರಶ್ನೆ ಗ್ಯಾರಂಟಿ. ಪೆಟ್ರೋಲ್ ಅಲ್ಲ ಸ್ವಾಮಿ, ಪಟ್ರೋಲ್. ರಾತ್ರಿ ಪೊಲೀಸರು ಗಸ್ತು ತಿರುಗ್ತಾರಲ್ಲ, ಆ ಗಸ್ತು. ಡೂಮ್ ಅಂದರೆ ಕೇಡು, ವಿನಾಶ. ವಿನಾಶವನ್ನು ಬೆನ್ನಿಗೆ ಕಟ್ಟಿಕೊಂಡೇ ಗಸ್ತು ತಿರುಗುವವರ ತಂಡ ಇದು.

ಡಿಸಿ ಕಾಮಿಕ್ಸ್‌ನ ಈ ತಂಡ ಹುಟ್ಟಿ 60 ವರ್ಷ ದಾಟಿದೆ. ಅಷ್ಟರಲ್ಲಿ ಎಷ್ಟೋ ಸಲ ನಿಂತುಹೋಗಿ ಮತ್ತೆ ಶುರುವಾಗಿದೆ. ಇದನ್ನ ಯಾಕೆ ಓದಬೇಕು ಅಂತ ಕೇಳಿದವರಿಗೆಲ್ಲ ನಾನು ಹೇಳೋದು ಒಂದೇ ಮಾತು. ಬೇರೆ ಸೂಪರ್ ಹೀರೋ ಕಥೆಗಳಲ್ಲಿ ಅಪಘಾತ ಆದರೆ ಅದು ವರ ಆಗುತ್ತೆ. ಜೇಡ ಕಚ್ಚಿದರೆ ಗೋಡೆ ಹತ್ತಬಹುದು. ಡೂಮ್ ಪಟ್ರೋಲ್‌ನಲ್ಲಿ ಅಪಘಾತ ಅಪಘಾತವಾಗಿಯೇ ಉಳಿಯುತ್ತೆ. ಶಕ್ತಿ ಬಂತು ಅಂತ ನೋವು ಹೋಗಲ್ಲ.

ಮೂರು ಅಪಘಾತ, ಒಬ್ಬ ಮೇಧಾವಿ

1963ರ ಜೂನ್ ಸಂಚಿಕೆಯ 'ಮೈ ಗ್ರೇಟೆಸ್ಟ್ ಅಡ್ವೆಂಚರ್' ಪತ್ರಿಕೆಯಲ್ಲಿ ಈ ತಂಡ ಮೊದಲು ಕಾಣಿಸಿಕೊಂಡಿತು. ಅದು ಆ ಪತ್ರಿಕೆಯ 80ನೇ ಸಂಚಿಕೆ. ಬರೆದವರು ಆರ್ನಾಲ್ಡ್ ಡ್ರೇಕ್ ಮತ್ತು ಬಾಬ್ ಹೇನಿ, ಚಿತ್ರ ಬ್ರೂನೋ ಪ್ರೆಮಿಯಾನಿ ಅವರದು.

ಕ್ಲಿಫ್ ಸ್ಟೀಲ್ ರೇಸ್ ಕಾರ್ ಡ್ರೈವರ್. ಅಪಘಾತದಲ್ಲಿ ಅವನ ದೇಹ ನುಚ್ಚುನೂರಾಗಿ ಮೆದುಳು ಮಾತ್ರ ಉಳಿಯುತ್ತೆ. ಅದನ್ನು ಲೋಹದ ದೇಹದಲ್ಲಿ ಕೂರಿಸುತ್ತಾರೆ. ಅವನೇ ರೋಬೋಟ್‌ಮ್ಯಾನ್. ಲ್ಯಾರಿ ಟ್ರೇನರ್ ಟೆಸ್ಟ್ ಪೈಲಟ್. ವಿಕಿರಣಕ್ಕೆ ಸಿಕ್ಕಿ ಅವನ ಮೈಯೇ ವಿಕಿರಣ ಸೂಸಲು ಶುರುವಾಗುತ್ತೆ. ಬೇರೆಯವರಿಗೆ ಅಪಾಯ ಆಗದಿರಲಿ ಅಂತ ಅವನು ಸದಾ ವಿಶೇಷ ಬ್ಯಾಂಡೇಜ್ ಸುತ್ತಿಕೊಂಡೇ ಇರಬೇಕು. ಅವನೊಳಗಿಂದ ಒಂದು ಕಪ್ಪು ಶಕ್ತಿರೂಪ ಹೊರಗೆ ಹಾರಿಹೋಗಬಲ್ಲದು, ಆದರೆ 60 ಸೆಕೆಂಡಿನೊಳಗೆ ವಾಪಸ್ ಬರದಿದ್ದರೆ ಲ್ಯಾರಿ ಸಾಯುತ್ತಾನೆ. ರೀಟಾ ಫಾರ್ ಹಾಲಿವುಡ್ ನಟಿ. ಶೂಟಿಂಗ್ ಸಮಯದಲ್ಲಿ ಜ್ವಾಲಾಮುಖಿಯ ಅನಿಲ ಸೇವಿಸಿ, ದೇಹ ಹಿಗ್ಗಿ ಕುಗ್ಗುವ ಸ್ಥಿತಿಗೆ ಬರುತ್ತಾಳೆ. ಈ ಮೂವರನ್ನೂ ಒಟ್ಟುಗೂಡಿಸುವವನು ಗಾಲಿಕುರ್ಚಿಯಲ್ಲಿ ಕೂತ ವಿಜ್ಞಾನಿ ನೈಲ್ಸ್ ಕಾಲ್ಡರ್. ಎಲ್ಲರೂ ಅವನನ್ನು ಚೀಫ್ ಅಂತಾರೆ.

ಗಾಲಿಕುರ್ಚಿಯ ನಾಯಕ, ಜನ ದೂರ ಇಟ್ಟ ವಿಚಿತ್ರ ಶಕ್ತಿಯವರ ತಂಡ. ಎಲ್ಲೋ ಕೇಳಿದ ಹಾಗಿದೆಯಲ್ಲ? ಎಕ್ಸ್-ಮೆನ್ ಮೊದಲ ಸಂಚಿಕೆಯ ಮೇಲಿರುವ ತಿಂಗಳು 1963ರ ಸೆಪ್ಟೆಂಬರ್, ಅಂದರೆ ಮೂರು ತಿಂಗಳು ತಡ. ಮಾರ್ವೆಲ್‌ನವರು ತನ್ನ ಐಡಿಯಾ ಎತ್ತಿಕೊಂಡರು ಅನ್ನೋ ಅನುಮಾನ ಡ್ರೇಕ್ ಅವರಿಗೆ ಕೊನೆಗಾಲದವರೆಗೂ ಇತ್ತು. ಕದ್ದರೋ ಕಾಕತಾಳೀಯವೋ, ಮುಂದೆ ಒಂದು ತಂಡ ಲೋಕಪ್ರಸಿದ್ಧವಾಯಿತು, ಇನ್ನೊಂದು 1968ರಲ್ಲಿ ಬಾಗಿಲು ಮುಚ್ಚಿತು.

ಆ ನಡುವಿನ ವರ್ಷಗಳಲ್ಲಿ ಮಜಾ ಬೇಜಾನ್ ಇದೆ. ಇವರ ಶತ್ರುಗಳಲ್ಲಿ ಒಬ್ಬ ಜಾಡಿಯಲ್ಲಿರುವ ಬರೀ ಮೆದುಳು, ಅವನ ಬಲಗೈ ಬಂಟ ಒಂದು ಬುದ್ಧಿವಂತ ಗೊರಿಲ್ಲಾ. 'ಟೀನ್ ಟೈಟನ್ಸ್' ಕಾರ್ಟೂನ್ ನೋಡಿ ಬೆಳೆದವರಿಗೆ ಹಸಿರು ಬಣ್ಣದ ಬೀಸ್ಟ್ ಬಾಯ್ ಗೊತ್ತಲ್ಲ, ಅವನು ಮೊದಲು ಬಂದದ್ದೂ 1965ರ ಡೂಮ್ ಪಟ್ರೋಲ್ 99ನೇ ಸಂಚಿಕೆಯಲ್ಲೇ.

ಹದಿನಾಲ್ಕು ಜನರಿಗಾಗಿ

ಪತ್ರಿಕೆ ನಿಲ್ಲುತ್ತೆ ಅಂತ ಗೊತ್ತಾದಾಗ ಡ್ರೇಕ್ ಮಾಡಿದ್ದನ್ನು ಆ ಕಾಲದಲ್ಲಿ ಯಾರೂ ಊಹಿಸಿರಲಿಕ್ಕಿಲ್ಲ. 1968ರ 121ನೇ ಸಂಚಿಕೆಯಲ್ಲಿ ಕ್ಯಾಪ್ಟನ್ ಜಾಲ್ ಅನ್ನೋ ಖಳ ತಂಡವನ್ನು ಒಂದು ದ್ವೀಪದಲ್ಲಿ ಸಿಕ್ಕಿಸಿ ಆಯ್ಕೆ ಕೊಡುತ್ತಾನೆ: ಒಂದೋ ನೀವು ಸಾಯಬೇಕು, ಇಲ್ಲವೇ ಕಾಡ್ಸ್‌ವಿಲ್ ಅನ್ನೋ ಬೆಸ್ತರ ಹಳ್ಳಿಯ 14 ಜನ ಸಾಯಬೇಕು. ಆ ಹಳ್ಳಿಯ ಹೆಸರನ್ನೂ ಯಾರೂ ಕೇಳಿಲ್ಲ. ಅಲ್ಲಿನವರು ಇವರಿಗೆ ಏನೂ ಆಗಬೇಕಾಗಿಲ್ಲ. ಹೀರೋಗಳು ಉಳಿದರೆ ಮುಂದೆ ಲಕ್ಷಾಂತರ ಜನರನ್ನು ಕಾಪಾಡಬಹುದು ಅಂತ ಲೆಕ್ಕ ಹಾಕಲಿಕ್ಕೂ ಆಗುತ್ತಿತ್ತು. ನಾಲ್ವರಲ್ಲಿ ಒಬ್ಬರೂ ಆ ಲೆಕ್ಕಕ್ಕೆ ಹೋಗಲ್ಲ. ಸ್ಫೋಟ ಆಗುತ್ತೆ, ನಾಲ್ವರೂ ಸಾಯುತ್ತಾರೆ, ಕಥೆ ಮುಗಿಯುತ್ತೆ. ಸಂಪಾದಕ ಮತ್ತು ಚಿತ್ರಕಾರರೇ ಚಿತ್ರದೊಳಗೆ ಬಂದು, ಇವರು ಮತ್ತೆ ಬದುಕಬೇಕಾದರೆ ಅದು ನಿಮ್ಮ ಕೈಯಲ್ಲಿದೆ ಅಂತ ಓದುಗರಿಗೆ ಹೇಳುತ್ತಾರೆ.

ಇಡೀ ಸಮಾಜ "ನೀವು ವಿಚಿತ್ರ ಪ್ರಾಣಿಗಳು" ಅಂತ ದೂರ ಇಟ್ಟವರು, ಹೆಸರೂ ಗೊತ್ತಿಲ್ಲದ 14 ಜನಕ್ಕೆ ಜೀವ ಕೊಟ್ಟರು. ಅವೆಂಜರ್ಸ್ ವಿಶ್ವವನ್ನೇ ಉಳಿಸಿದಾಗ ನನಗೆ ಇಷ್ಟು ಮನಸ್ಸು ಕಲಕಿಲ್ಲ. ವಿಶ್ವ ಉಳಿಸೋದು ದೊಡ್ಡ ಸಂಖ್ಯೆ. 14 ಅಂದರೆ ಒಂದು ಲ್ಯಾಬ್ ಬ್ಯಾಚು, ಮುಖ ಕಣ್ಮುಂದೆ ಬರುತ್ತೆ.

ಮಾರಿಸನ್ ಬಂದ ಮೇಲೆ

1977ರಲ್ಲಿ ಒಮ್ಮೆ, 1987ರಲ್ಲಿ ಇನ್ನೊಮ್ಮೆ ಪಾಲ್ ಕಪ್ಪರ್‌ಬರ್ಗ್ ಅವರ ಬರವಣಿಗೆಯಲ್ಲಿ ತಂಡ ಎದ್ದು ಬಂತು. ಆದರೆ ಅಭಿಮಾನಿಗಳು ಎದೆಗಪ್ಪಿಕೊಂಡಿರೋದು 1989ರಿಂದ 1993ರವರೆಗಿನ ಕಾಲವನ್ನು. ಸ್ಕಾಟ್ಲೆಂಡಿನ ಗ್ರಾಂಟ್ ಮಾರಿಸನ್ 19ನೇ ಸಂಚಿಕೆಯಿಂದ 63ರವರೆಗೆ ಬರೆದರು. ಹೆಚ್ಚಿನ ಚಿತ್ರಗಳು ರಿಚರ್ಡ್ ಕೇಸ್ ಅವರವು.

ಇಲ್ಲಿ ಕಥೆ ಶುರುವಾಗೋದೇ ಮಾನಸಿಕ ಆಸ್ಪತ್ರೆಯಲ್ಲಿ. ಅಲ್ಲಿ ಸೇರಿರುವವನು ನಮ್ಮ ರೋಬೋಟ್‌ಮ್ಯಾನ್. ಎಂಜಿನಿಯರಿಂಗ್ ಓದುವವರು ಈ ಭಾಗವನ್ನಂತೂ ಓದಲೇಬೇಕು. ಲೋಹದ ದೇಹ ಅಂದರೆ ನಮಗೆ ಮೊದಲು ಹೊಳೆಯೋದು ಟಾರ್ಕ್ ಎಷ್ಟು, ಬ್ಯಾಟರಿ ಯಾವುದು ಅಂತ. ಮಾರಿಸನ್ ಕೇಳೋದು ಬೇರೆ: ರುಚಿ ಇಲ್ಲ, ವಾಸನೆ ಇಲ್ಲ, ಸ್ಪರ್ಶ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಆ ಮೆದುಳಿಗೆ ದಿನ ಹೇಗೆ ಕಳೆಯುತ್ತೆ? ಕಾಲು ಕಳೆದುಕೊಂಡವರಿಗೆ ಇಲ್ಲದ ಕಾಲು ನೋಯುವುದುಂಟು. ಕ್ಲಿಫ್‌ಗೆ ಇಡೀ ದೇಹವೇ ಹಾಗೆ ಕಾಡುತ್ತೆ. ಯಂತ್ರದಲ್ಲಿ ದೋಷ ಇಲ್ಲ, ಆದರೂ ಒಳಗಿರುವವನು ನರಳುತ್ತಿದ್ದಾನೆ. ಯಾವ ಟೆಸ್ಟ್ ರಿಪೋರ್ಟ್‌ನಲ್ಲೂ ಸಿಗದ ಫಾಲ್ಟ್ ಇದು.

ಅದೇ ಆಸ್ಪತ್ರೆಯಲ್ಲಿ ಅವನಿಗೆ ಕ್ರೇಜಿ ಜೇನ್ ಸಿಗುತ್ತಾಳೆ. ಬಾಲ್ಯದಲ್ಲಿ ಅಪ್ಪನಿಂದಲೇ ಅನುಭವಿಸಿದ ದೌರ್ಜನ್ಯಕ್ಕೆ ಅವಳ ಮನಸ್ಸು ಒಡೆದು 64 ವ್ಯಕ್ತಿತ್ವಗಳಾಗಿವೆ. ಒಂದೊಂದಕ್ಕೂ ಒಂದೊಂದು ಶಕ್ತಿ. 30ನೇ ಸಂಚಿಕೆಯಲ್ಲಿ ಕ್ಲಿಫ್ ಅವಳ ಮನಸ್ಸಿನೊಳಗೆ ಇಳಿಯುತ್ತಾನೆ. ಅಲ್ಲಿ ನೆಲದಡಿಯ ಮೆಟ್ರೋ ತರಹದ ಜಾಲ, ಅದರ ತುಂಬ ಅವಳ ವ್ಯಕ್ತಿತ್ವಗಳು. ಅವಳನ್ನು "ಸರಿ ಮಾಡೋದು" ಅವನಿಂದ ಆಗಲ್ಲ. ಜೊತೆಗೆ ಇರೋದು ಆಗುತ್ತೆ, ಅದನ್ನು ಮಾಡುತ್ತಾನೆ. ಈ ಇಬ್ಬರ ಸ್ನೇಹ 45 ಸಂಚಿಕೆಗಳ ಬೆನ್ನೆಲುಬು.

ಇಷ್ಟು ಓದಿ ಬರೀ ಗೋಳು ಅಂದುಕೊಳ್ಳಬೇಡಿ. ಇಷ್ಟು ಹುಚ್ಚು ನಗು ಬೇರೆ ಕಡೆ ಸಿಗಲ್ಲ. ಡ್ಯಾನಿ ಅನ್ನೋ ಪಾತ್ರ ಒಂದು ಜೀವಂತ ಬೀದಿ. ಊರೂರಿಗೆ ಹೋಗಿ ಎರಡು ರಸ್ತೆಗಳ ನಡುವೆ ಸದ್ದಿಲ್ಲದೆ ಸೇರಿಕೊಳ್ಳುತ್ತೆ, ಅಂಗಡಿ ಬೋರ್ಡುಗಳ ಮೂಲಕ ಮಾತಾಡುತ್ತೆ, ಎಲ್ಲೂ ಜಾಗ ಸಿಗದವರಿಗೆ ಜಾಗ ಕೊಡುತ್ತೆ. ಬ್ರದರ್‌ಹುಡ್ ಆಫ್ ಡಾಡಾ ಅನ್ನೋ ಖಳರ ತಂಡ ಇಡೀ ಪ್ಯಾರಿಸ್ ನಗರವನ್ನು ಒಂದು ಪೇಂಟಿಂಗ್ ನುಂಗುವಂತೆ ಮಾಡುತ್ತೆ. ಆ ತಂಡದ ಕ್ವಿಜ್ ಅನ್ನುವವಳಿಗೆ, ಎದುರಾಳಿಗೆ ಇನ್ನೂ ಹೊಳೆಯದ ಎಲ್ಲ ಶಕ್ತಿಗಳೂ ಇವೆ. ಅವಳನ್ನು ಸೋಲಿಸಬೇಕಾದರೆ ಶಕ್ತಿಗಳ ಹೆಸರನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಾ ಹೋಗಬೇಕು. ವೈವಾ ತರಹ!

ಚೀಫ್ ಎಂಬ ಎಂಜಿನಿಯರ್

ಇಲ್ಲಿಂದ ಮುಂದಿನ ಎರಡು ಪ್ಯಾರಾದಲ್ಲಿ ಕಥೆಯ ದೊಡ್ಡ ಗುಟ್ಟಿದೆ. ಬೇಡ ಅನ್ನೋರು ಹಾರಿಸಿ ಕೊನೆಯ ಭಾಗಕ್ಕೆ ಹೋಗಿ.

57ನೇ ಸಂಚಿಕೆಯಲ್ಲಿ ನಿಜ ಹೊರಬೀಳುತ್ತೆ. ಮೂರು ಅಪಘಾತಗಳೂ ಆಕಸ್ಮಿಕ ಅಲ್ಲ, ಮಾಡಿಸಿದವನು ಚೀಫ್. ಭಾರೀ ವಿಪತ್ತಿಗೆ ಸಿಕ್ಕ ಮನುಷ್ಯರು ಬದಲಾಗುತ್ತಾರೆ, ಉತ್ತಮರಾಗುತ್ತಾರೆ ಅನ್ನೋದು ಅವನ ಸಿದ್ಧಾಂತ. ಅದನ್ನು ಪರೀಕ್ಷಿಸಲು ಮನುಷ್ಯರನ್ನೇ ಸ್ಯಾಂಪಲ್ ಮಾಡಿಕೊಂಡ. 1963ರಿಂದ ಓದುಗರು ತಂದೆಯಂತೆ ನೋಡಿದವನು, ಪ್ರತಿ ಅಪಘಾತದ ಆಮೇಲೆ ಆಪದ್ಬಾಂಧವನಂತೆ ಬಂದವನು ಇವನೇ.

ನಾವು ನಾಲ್ಕು ವರ್ಷ ಕಲಿಯೋದು ಸಿಸ್ಟಮ್ ತಗೊಂಡು ಔಟ್‌ಪುಟ್ ಸುಧಾರಿಸೋದನ್ನ. ಚೀಫ್ ಮಾಡಿದ್ದೂ ಅದೇ. ಔಟ್‌ಪುಟ್ ಕೂಡ ಬಂತು: ಸ್ವಾರ್ಥಿ ರೇಸ್ ಡ್ರೈವರ್ ಒಬ್ಬ ಒಳ್ಳೆಯ ಮನುಷ್ಯನಾದ. ಹಾಗಾದರೆ ಪ್ರಯೋಗ ಯಶಸ್ವಿಯೇ? ಕ್ಲಿಫ್‌ನ ಉತ್ತರ ಅವನ ಕೋಪದಲ್ಲಿದೆ. ಅವನು ಒಳ್ಳೆಯವನಾದದ್ದು ಅಪಘಾತದಿಂದ ಅಲ್ಲ, ಆಮೇಲೆ ಪ್ರತಿ ದಿನ ಜೇನ್ ಜೊತೆ ಕೂತದ್ದರಿಂದ ಅಂತ ನಾನು ಓದಿಕೊಳ್ಳುತ್ತೇನೆ. ಆ ಭಾಗ ಚೀಫ್‌ನ ಡಿಸೈನಿನಲ್ಲಿ ಇರಲೇ ಇಲ್ಲ. ಯಾರ ಮೇಲೆ ಪ್ರಯೋಗವೋ ಅವರನ್ನು ಕೇಳಿದಿರಾ ಅನ್ನೋ ಪ್ರಶ್ನೆ ಈಗ ನಾವು ಬರೆಯೋ ಕೋಡಿಗೂ ಅನ್ವಯಿಸುತ್ತೆ.

ಎಲ್ಲಿಂದ ಶುರು ಮಾಡೋದು?

ನೇರವಾಗಿ ಮಾರಿಸನ್‌ನ 19ನೇ ಸಂಚಿಕೆಗೆ ಹೋಗಿ. 'ಕ್ರಾಲಿಂಗ್ ಫ್ರಮ್ ದ ರೆಕೇಜ್' ಅನ್ನೋ ಹೆಸರಿನ ಸಂಕಲನದ ಮೊದಲ ಕಥೆ ಅದು. ಹಳೆಯದೇನೂ ಓದಿರಬೇಕಾಗಿಲ್ಲ. ಮೊದಲ ನಾಲ್ಕು ಸಂಚಿಕೆಯಲ್ಲಿ ತಲೆಬುಡ ಅರ್ಥವಾಗಲ್ಲ ಅನಿಸಬಹುದು, ಎಲ್ಲರಿಗೂ ಹಾಗೇ, ಬಿಡಬೇಡಿ. ಹಿಡಿಸಿದರೆ 1960ರ ದಶಕದ ಕಥೆಗಳಿಗೆ ಹಿಂದಕ್ಕೆ ಹೋಗಿ, 121ನೇ ಸಂಚಿಕೆಯನ್ನು ಕೊನೆಗೆ ಇಟ್ಟುಕೊಳ್ಳಿ. ಓದೋಕೆ ಪುರುಸೊತ್ತಿಲ್ಲ ಅನ್ನೋರಿಗೆ 2019ರಿಂದ 2023ರವರೆಗೆ ಬಂದ ನಾಲ್ಕು ಸೀಸನ್‌ಗಳ ಸರಣಿ ಇದೆ. ರೋಬೋಟ್‌ಮ್ಯಾನ್‌ಗೆ ದನಿ ಕೊಟ್ಟಿರೋದು ಬ್ರೆಂಡನ್ ಫ್ರೇಸರ್, 'ದ ಮಮ್ಮಿ' ಚಿತ್ರದ ಹೀರೋ. ಸರಣಿ ಚೆನ್ನಾಗಿದೆ. ಆದರೆ 30ನೇ ಸಂಚಿಕೆಯನ್ನು ಮಾತ್ರ ಪುಟ ತಿರುಗಿಸಿಯೇ ಓದಿ. ಓದಿದ ಮೇಲೆ ನಮ್ಮ ಬಳಗದ ಮುಂದಿನ ಸಭೆಯಲ್ಲಿ ಸಿಗಿ, ಚೀಫ್ ಬಗ್ಗೆ ಜಗಳ ಆಡೋದು ಬಹಳ ಇದೆ.